ಜಸ್ಟೀನಳ ವಿಚಾರಣೆ

ಹದಿನೇಳನೆಯ ವಯಸ್ಸಿನಲ್ಲಿ ನಾನು ‘ಫ್ರಾಂಕೆನ್‌ಸ್ಟೈನ್’ ಓದಿದ್ದು ಅದರೊಳಗಿನ ರಾಕ್ಷಸನಿಗಾಗಿ. ಆ ದೇಹ ಮೊದಲ ಸಲ ಹಳದಿ ಕಣ್ಣು ತೆರೆಯುವ ರಾತ್ರಿಯನ್ನು ಎರಡೆರಡು ಸಲ ಓದಿ, ಮುಂದೆ ಬರುವ ನ್ಯಾಯಾಲಯದ ಅಧ್ಯಾಯವನ್ನು ಹಾರಿಸಿಬಿಟ್ಟಿದ್ದೆ. ಈಗ ನಿದ್ದೆ ಕೆಡಿಸುವುದು ಆ ಅಧ್ಯಾಯವೇ.

1816ರಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ, ಮಳೆಗೆ ಒಳಗೆ ಕೂತ ಗೆಳೆಯರಿಗೆ ಕವಿ ಬೈರನ್ ದೆವ್ವದ ಕಥೆ ಬರೆಯಲು ಹೇಳಿದ್ದು, ಹದಿನೆಂಟರ ಮೇರಿ ಶೆಲ್ಲಿಗೆ ಈ ಕಥೆ ಹೊಳೆದದ್ದು ಎಲ್ಲರಿಗೂ ಗೊತ್ತು. ಜಸ್ಟೀನಳ ಮಾತು ಬರುವುದು ಕಡಿಮೆ.

ಜಸ್ಟೀನ್ ಫ್ರಾಂಕೆನ್‌ಸ್ಟೈನ್ ಮನೆಯ ಕೆಲಸದ ಹುಡುಗಿ. ವಿಕ್ಟರ್ ಸೃಷ್ಟಿಸಿ ಕೈಬಿಟ್ಟ ಜೀವಿ ಅವನ ಪುಟ್ಟ ತಮ್ಮನನ್ನು ಕೊಂದು, ಮಗುವಿನ ಬಳಿಯಿದ್ದ ತಾಯಿಯ ಸಣ್ಣ ಚಿತ್ರವನ್ನು ಮಲಗಿದ್ದ ಈಕೆಯ ಬಟ್ಟೆಯಲ್ಲಿ ಸೇರಿಸಿ ಹೋಗುತ್ತದೆ. ಕೊಲೆ ಇವಳ ತಲೆಗೆ ಬರುತ್ತದೆ. ಪಾದ್ರಿ ನರಕದ ಹೆದರಿಕೆ ಹಾಕಿದ ಮೇಲೆ, ಮಾಡದ ತಪ್ಪನ್ನು ಒಪ್ಪಿಕೊಂಡೂ ಬಿಡುತ್ತಾಳೆ. ವಿಕ್ಟರ್ ಅಲ್ಲೇ ಕೂತಿದ್ದಾನೆ. ಕೊಂದವನು ಯಾರೆಂದು ಅವನ ಮನಸ್ಸಿಗೆ ಖಚಿತವಾಗಿದೆ. ಬಾಯಿ ಬಿಟ್ಟರೆ ಹುಚ್ಚನೆಂದಾರು ಎಂದು ಸುಮ್ಮನಿರುತ್ತಾನೆ. ಆ ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ. ಬಹಳ ಕಾಲದ ಮೇಲೆ ಮ್ಯಾಜಿಸ್ಟ್ರೇಟನ ಮುಂದೆ ಎಲ್ಲ ಹೇಳಿದಾಗ ಆತ ಅದನ್ನು ಜ್ವರದ ಬಡಬಡಿಕೆಯಂತೆಯೇ ಕೇಳುತ್ತಾನೆ. ಹಾಗಾದರೆ ಹೇಳಿ ಏನು ಪ್ರಯೋಜನವಿತ್ತು? ಗೊತ್ತಿಲ್ಲ. ಆದರೆ ಹೇಳದೆ ಇದ್ದವನು ಮಾಡುವುದೇನು? ತನ್ನ ಸಂಕಟ ಅವಳ ಸಂಕಟಕ್ಕಿಂತ ದೊಡ್ಡದು, ಅವಳಿಗಾದರೂ ನಿರಪರಾಧಿಯೆಂಬ ಸಮಾಧಾನವಿತ್ತು ಎಂದು ಲೆಕ್ಕ ಹಾಕುತ್ತಾನೆ. ನೇಣಿಗೇರುವವಳು ಅವಳು!

ಗಾಥಿಕ್ ಸಾಹಿತ್ಯ ಇನ್ನೂ ನಮ್ಮನ್ನು ಸೆಳೆಯುವುದು ಭಯದಿಂದ ಮಾತ್ರವಲ್ಲ, ಪಶ್ಚಾತ್ತಾಪದಲ್ಲಿರುವ ಒಂದು ಬಗೆಯ ರುಚಿಯಿಂದ ಎಂದು ನನಗೆ ಅನಿಸುತ್ತದೆ. ಎಡ್ಗರ್ ಅಲನ್ ಪೋಗೆ ಇದು ಚೆನ್ನಾಗಿ ಗೊತ್ತಿತ್ತು. 1845ರ ಅವನ ‘ದಿ ರೇವನ್’ ಕವಿತೆಯಲ್ಲಿ ಪ್ರೇಯಸಿಯನ್ನು ಕಳೆದುಕೊಂಡವನು, ಹಕ್ಕಿಯಿಂದ ಬರುವುದು ಒಂದೇ ಉತ್ತರವೆಂದು ತಿಳಿದೂ ಪ್ರಶ್ನೆ ಕೇಳುತ್ತಲೇ ಹೋಗುತ್ತಾನೆ. ತನ್ನನ್ನೇ ಹಿಂಸಿಸಿಕೊಳ್ಳುವ ಸುಖಕ್ಕಾಗಿ ಹಾಗೆ ಕೇಳುತ್ತಾನೆ ಎಂಬರ್ಥದಲ್ಲಿ ಪೋ ಮರುವರ್ಷ ಪ್ರಬಂಧವೊಂದರಲ್ಲಿ ವಿವರಿಸಿದ. ದುಃಖಕ್ಕೆ ಅದು ಸಲ್ಲುತ್ತದೆ. ಇನ್ನೊಬ್ಬರಿಗೆ ನಮ್ಮಿಂದಾದ ಅನ್ಯಾಯಕ್ಕೂ ಸಲ್ಲುತ್ತದೆಯೇ?

ಈ ಪ್ರಶ್ನೆಯನ್ನು ನಾನು ದೂರ ನಿಂತು ಕೇಳುತ್ತಿಲ್ಲ. ನಾನಿದ್ದ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗನೊಬ್ಬನ ಮೇಲೆ ಕಳ್ಳತನ ಹೊರಿಸಿ ಕೆಲಸದಿಂದ ತೆಗೆದರು. ಹಣ ತೆಗೆದವನು ಯಾರೆಂದು ನನಗೆ ಗೊತ್ತಿತ್ತು, ಅವನು ನನ್ನ ಗೆಳೆಯ. ನಾನು ಸುಮ್ಮನಿದ್ದೆ. ತಿಂಗಳುಗಟ್ಟಲೆ ಕೊರಗಿದ್ದು ನಿಜ. ಕೊರಗಿನ ಬಗ್ಗೆ ಒಂದು ಪದ್ಯವನ್ನೂ ಬರೆದೆ. ಓದಿದವರು ಮೆಚ್ಚಿದರು, ಅವರಲ್ಲಿ ಆ ಗೆಳೆಯನೂ ಇದ್ದ. ಹುಡುಗ ಯಾವ ಊರಿಗೆ ಹೋದನೆಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಹಿಮದ ಸಮುದ್ರದ ಹಡಗಿನಲ್ಲಿ ಸಾಯುತ್ತ ಮಲಗಿದ ವಿಕ್ಟರ್, ತನ್ನ ನಡತೆಯನ್ನೆಲ್ಲ ಹಿಂದಿರುಗಿ ನೋಡಿ, ಅದರಲ್ಲಿ ದೂರುವಂಥದ್ದೇನೂ ಕಾಣಲಿಲ್ಲ ಎಂದು ಕ್ಯಾಪ್ಟನ್‌ಗೆ ಹೇಳುತ್ತಾನೆ. ಕೇಳುತ್ತಿರುವ ಕ್ಯಾಪ್ಟನ್ ಅವನನ್ನು ಆಗಲೂ ಮೆಚ್ಚುತ್ತಲೇ ಇದ್ದಾನೆ.