*ಇಂದಿನ ಚಿಂತನೆ: ನಿಜವಾದ ಸಾಲುಗಳಿಂದ ಸುಳ್ಳು ಹೇಳಬಹುದೇ?*

 

ಪಂಚಶೀಲದ ನಾಲ್ಕನೆಯ ಶೀಲ, ಸುಳ್ಳಾಡದಿರುವುದು, ನನಗೆ ಸುಲಭ ಎಂದೇ ಬಹಳ ಕಾಲ ತಿಳಿದಿದ್ದೆ. ದಿನವೂ ಮಕ್ಕಳ ಮುಂದೆ ನಿಲ್ಲುವವಳು ನಾನು. ಸುಳ್ಳು ಹೇಳಿದರೆ ಮಕ್ಕಳು ಎರಡೇ ದಿನಕ್ಕೆ ಹಿಡಿದುಬಿಡುತ್ತಾರೆ. ಆದರೆ ಒಂದೂ ಸುಳ್ಳು ಸಾಲು ಬರೆಯದೆ ಒಬ್ಬ ಮನುಷ್ಯನ ಬಗ್ಗೆ ಸುಳ್ಳು ಹೇಳಿದ ಪ್ರಸಂಗ ನನ್ನದೊಂದಿದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯುವುದನ್ನು ಕಲಿತೆ. ಮೊದಲು ನಮ್ಮ ಕಡೆಯ ಕೆರೆ, ಜಾತ್ರೆ, ಗಿಡಮರಗಳ ಬಗ್ಗೆ ಬರೆದೆ. ಆಮೇಲೆ ನಮ್ಮ ಜಿಲ್ಲೆಯ ಒಬ್ಬ ಕಥೆಗಾರರ ಪುಟ ತೀರಾ ಚಿಕ್ಕದಾಗಿರುವುದು ಕಣ್ಣಿಗೆ ಬಿತ್ತು. ಅವರ ಹೆಸರು ಬೇಡ, ಊರೂ ಬೇಡ. ಅವರು ಒಂದು ಸಭೆಯಲ್ಲಿ ಮೀಸಲಾತಿಯ ಬಗ್ಗೆ ಆಡಿದ ಮಾತು ನಮ್ಮಂಥವರ ಎದೆಗೆ ನಾಟಿತ್ತು. ಆ ಸಭೆಯಲ್ಲಿ ನಾನೂ ಕುಳಿತಿದ್ದೆ. ಎದ್ದು ಕೇಳಲು ಧೈರ್ಯ ಬರಲಿಲ್ಲ. ಆ ಪುಟ ಕಂಡಾಗ, ಅಂದು ಆಡದ ಮಾತನ್ನು ಇಲ್ಲಿ ಆಡಬಹುದು ಅನ್ನಿಸಿತು.

ಎರಡು ವಾರ ಕುಳಿತು ಹಳೆಯ ಪತ್ರಿಕೆಗಳನ್ನು ಹುಡುಕಿದೆ. ‘ವಿವಾದಗಳು’ ಎಂಬ ತಲೆಬರಹ ಹಾಕಿದೆ. ಆ ಭಾಷಣ, ಅದರ ಮೇಲೆ ದಾಖಲಾದ ದೂರು, ಮತ್ತೊಮ್ಮೆ ಒಂದು ವೇದಿಕೆಯಲ್ಲಿ ನಡೆದ ಜಗಳ, ಒಂದು ಸಂಸ್ಥೆಗೆ ಕೊಟ್ಟ ರಾಜೀನಾಮೆ. ಪ್ರತಿ ಸಾಲಿಗೂ ಪತ್ರಿಕೆಯ ಉಲ್ಲೇಖ ಕೊಟ್ಟೆ. ಯಾರೂ ಅಳಿಸುವಂತಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಮರುವರ್ಷ ಒಂಬತ್ತನೇ ತರಗತಿಯವರಿಗೆ ‘ನಮ್ಮ ಜಿಲ್ಲೆಯ ಸಾಹಿತಿಗಳು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದೆ. ಒಬ್ಬ ಹುಡುಗ ನನ್ನ ಪುಟವನ್ನೇ ಚಾಚೂ ತಪ್ಪದೆ ಬರೆದುಕೊಂಡು ಬಂದ. ಬರೆದದ್ದು ನಾನು ಎಂದು ಅವನಿಗೆ ಗೊತ್ತಿಲ್ಲ. ಓದಿ ಮುಗಿಸಿ ತಲೆಯೆತ್ತಿ ಕೇಳಿದ: “ಮಿಸ್, ಇವರು ಕಥೆಗಾರರು ಅಂತಿದೆ. ಕಥೆ ಯಾವುದು ಅಂತ ಎಲ್ಲೂ ಇಲ್ವಲ್ಲ?”

ನನಗೆ ಉತ್ತರ ಗೊತ್ತಿತ್ತು. ಎಂ.ಎ. ಓದುವಾಗ ಅವರ ಒಂದು ಕಥೆಯ ಮೇಲೆ ನಾನೇ ಪ್ರಬಂಧ ಬರೆದಿದ್ದೆ. ಕೂಲಿಗೆ ಹೋಗುವ ತಾಯಿಯೊಬ್ಬಳ ಕಥೆ ಅದು. ಓದಿ ಅತ್ತಿದ್ದೆ. ಪುಟ ಬರೆಯುವಾಗ ಆ ಕಥೆ ನೆನಪಿಗೆ ಬರಲಿಲ್ಲವೇ? ಬಂದಿತ್ತು. ಬೇಕೆಂದೇ ಬಿಟ್ಟಿದ್ದೆ.

ಅಂದು ಸಂಜೆ ಪುಟವನ್ನು ಮತ್ತೆ ತೆರೆದೆ. ಇನ್ನೊಂದು ಸಂಗತಿಯೂ ಕಂಡಿತು. ಆ ದೂರನ್ನು ನ್ಯಾಯಾಲಯ ಎಂದೋ ವಜಾ ಮಾಡಿತ್ತು. ದೂರು ಮುಖಪುಟದ ಸುದ್ದಿಯಾಗಿತ್ತು, ವಜಾ ಆದದ್ದು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ನನ್ನ ಪುಟದಲ್ಲಿ ಮಾತ್ರ ಅವರು ಇನ್ನೂ ಆರೋಪಿಯಾಗಿಯೇ ನಿಂತಿದ್ದರು. ಸಾಲು ಸಾಲಾಗಿ ನೋಡಿದರೆ ಎಲ್ಲವೂ ನಿಜ, ಒಟ್ಟಾಗಿ ನೋಡಿದರೆ ಸುಳ್ಳು.

*ಅಮೆರಿಕದ ಒಂದು ಪ್ರಸಂಗ*

ಜಾನ್ ಸೀಗೆಂತಾಲರ್ ಅಮೆರಿಕದ ಹಿರಿಯ ಪತ್ರಕರ್ತರಾಗಿದ್ದರು. ರಾಬರ್ಟ್ ಕೆನಡಿಯವರ ಸಹಾಯಕರಾಗಿ ಕೆಲಸ ಮಾಡಿದವರು, ಅವರ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. 2005ರ ಮೇ ತಿಂಗಳಲ್ಲಿ ಯಾರೋ ಹೆಸರಿಲ್ಲದವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಬಗ್ಗೆ ಒಂದು ಪುಟ ಬರೆದರು. ಕೆನಡಿ ಸಹೋದರರ ಕೊಲೆಯಲ್ಲಿ ಇವರ ಕೈವಾಡದ ಶಂಕೆಯಿತ್ತು, ಆದರೆ ಏನೂ ಸಾಬೀತಾಗಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಗಮನಿಸಿ, ‘ಸಾಬೀತಾಗಲಿಲ್ಲ’ ಎಂಬ ಬಾಲ ಸುಳ್ಳಿಗೂ ನ್ಯಾಯದ ಮುಖ ಕೊಡುತ್ತದೆ. ಸುಮಾರು ನಾಲ್ಕು ತಿಂಗಳು ಆ ಮಾತು ಹಾಗೆಯೇ ಇತ್ತು. ಆಗ ಅವರಿಗೆ 78 ವರ್ಷ.

ಬರೆದವನು ಕೊನೆಗೆ ಮುಂದೆ ಬಂದು, ತಮಾಷೆಗೆ ಮಾಡಿದೆ ಎಂದು ಕ್ಷಮೆ ಕೇಳಿದ, ಕೆಲಸ ಬಿಟ್ಟ. ಸೀಗೆಂತಾಲರ್ ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಅವನ ಮಾಲೀಕರನ್ನು ಕೇಳಿಕೊಂಡರು. ವೈರದಿಂದ ವೈರ ಶಮನವಾಗದು ಎಂಬುದನ್ನು ನಾವು ಬಾಯಲ್ಲಿ ಹೇಳುತ್ತೇವೆ. ಅವರು ಮಾಡಿ ತೋರಿಸಿದರು.

ಈ ಪ್ರಕರಣದ ನಂತರವೇ ಬದುಕಿರುವವರ ಬಗ್ಗೆ ಬರೆಯಲು ವಿಕಿಪೀಡಿಯ ಪ್ರತ್ಯೇಕ ನಿಯಮ ಮಾಡಿಕೊಂಡಿತು. ವಿವಾದದ ಮಾತಿಗೆ ಗಟ್ಟಿ ಆಧಾರವಿಲ್ಲದಿದ್ದರೆ ಚರ್ಚೆಗೆ ಕಾಯದೆ ತೆಗೆಯಬೇಕು. ಹೊಗಳಿಕೆಗೂ ಅದೇ ನಿಯಮ, ತೆಗಳಿಕೆಗೂ ಅದೇ ನಿಯಮ. ಆಧಾರವಿದ್ದರೂ ಸಾಲದು, ಆ ಸಂಗತಿಗೆ ಇಡೀ ಬದುಕಿನಲ್ಲಿ ಎಷ್ಟು ಜಾಗವೋ ಪುಟದಲ್ಲೂ ಅಷ್ಟೇ ಜಾಗ. ನಾನು ಎಡವಿದ್ದು ಈ ಕೊನೆಯ ಮಾತಿನಲ್ಲಿ.

*ನಮ್ಮ ಭಾಷೆಯೊಳಗಿನ ಬಲೆ*

ನಮ್ಮ ಅಜ್ಜಿಯರು ಕೇಳಿದ ಸುದ್ದಿ ಹೇಳುವಾಗ ಕೊನೆಗೆ ‘ಅಂತೆ’ ಸೇರಿಸುತ್ತಿದ್ದರು. “ಅವನು ದುಡ್ಡು ತಿಂದನಂತೆ.” ನಾನು ಕಂಡಿಲ್ಲ, ಯಾರೋ ಹೇಳಿದ್ದು ಎಂಬ ಪ್ರಾಮಾಣಿಕತೆ ಆ ಎರಡಕ್ಷರದಲ್ಲಿದೆ. ಬರವಣಿಗೆಗೆ ಬಂದಾಗ ‘ಅಂತೆ’ ಶಿಷ್ಟವಲ್ಲ ಎಂದು ‘ಎನ್ನಲಾಗಿದೆ’ ಮಾಡುತ್ತೇವೆ. ಎಂದವರು ಯಾರು? ಕಾಣುವುದಿಲ್ಲ. ಮುಂದೆ ಯಾರೋ ಅದನ್ನು ನಕಲು ಮಾಡುವಾಗ ‘ಎನ್ನಲಾಗಿದೆ’ಯೂ ಉದುರಿಹೋಗಿ ‘ತಿಂದರು’ ಮಾತ್ರ ಉಳಿಯುತ್ತದೆ.

ಗೌರವದ ವಿಷಯವೂ ಹೀಗೆಯೇ. ನಿನ್ನೆಯವರೆಗೆ ‘ಅವರು’ ಆಗಿದ್ದವರು ಬಂಧನದ ಸುದ್ದಿಯಲ್ಲಿ ‘ಈತ’ ಆಗಿಬಿಡುತ್ತಾರೆ. ತೀರ್ಪಿಗೆ ವರ್ಷಗಳು ಬೇಕು, ಕನ್ನಡದ ಸರ್ವನಾಮ ಮಾತ್ರ ಅದೇ ದಿನ ತೀರ್ಪು ಕೊಡುತ್ತದೆ. ಒಬ್ಬರು ‘ಹೇಳಿದರು’ ಎಂದರೆ ಒಂದು ಅರ್ಥ, ‘ಸಮರ್ಥಿಸಿಕೊಂಡರು’ ಎಂದರೆ ಇನ್ನೊಂದು. ‘ಬಾಯಿಬಿಟ್ಟರು’ ಎಂದರೆ ತಪ್ಪು ಮಾಡಿದ್ದಾರೆ ಎಂದು ನಾವೇ ತೀರ್ಮಾನಿಸಿದಂತೆ. ನಾನು ವ್ಯಾಕರಣ ಕಲಿಸುವವಳು. ಕ್ರಿಯಾಪದ ಆರಿಸುವ ಕೈಯಲ್ಲೂ ದ್ವೇಷ ಇರಬಹುದೆಂದು ಕಲಿತದ್ದು ಆ ಸಂಜೆ.

*ಹಾಗಾದರೆ ಸುಮ್ಮನಿರಬೇಕೇ?*

ಇಲ್ಲಿ ಬಹಳ ಜನ ಎಡವುತ್ತಾರೆ. ಯಾರ ಬಗ್ಗೆಯೂ ಕೆಟ್ಟದ್ದು ಬರೆಯದಿರುವುದೇ ಸಮತೆ, ಅದೇ ಉಪೇಕ್ಷೆ ಎಂದುಕೊಳ್ಳುತ್ತಾರೆ. ಅಂಗುತ್ತರ ನಿಕಾಯದಲ್ಲಿ ಪೋತಲಿಯ ಎಂಬ ಪರಿವ್ರಾಜಕನದೂ ಇದೇ ವಾದ. ಭಗವಾನರು ಅವನಿಗೆ ನಾಲ್ಕು ಬಗೆಯ ಜನರನ್ನು ಹೇಳುತ್ತಾರೆ. ನಿಂದೆಗೆ ಅರ್ಹವಾದುದನ್ನು ಮಾತ್ರ ಹೇಳುವವರು, ಪ್ರಶಂಸೆಗೆ ಅರ್ಹವಾದುದನ್ನು ಮಾತ್ರ ಹೇಳುವವರು, ಎರಡನ್ನೂ ಹೇಳದವರು, ಎರಡನ್ನೂ ಹೇಳುವವರು. ಯಾರು ಉತ್ತಮರು? ಎರಡನ್ನೂ ಹೇಳದವರು, ಏಕೆಂದರೆ ಉಪೇಕ್ಷೆಯೇ ದೊಡ್ಡದು ಎನ್ನುತ್ತಾನೆ ಪೋತಲಿಯ. ಭಗವಾನರು ಒಪ್ಪುವುದಿಲ್ಲ. ಇರುವುದನ್ನು ಇರುವಂತೆ, ತಕ್ಕ ಕಾಲದಲ್ಲಿ, ಎರಡನ್ನೂ ಹೇಳುವವರೇ ಉತ್ತಮರು ಎನ್ನುತ್ತಾರೆ.

ಆದ್ದರಿಂದ ಆ ಭಾಷಣವನ್ನು ನಾನು ಪುಟದಿಂದ ತೆಗೆಯಲಿಲ್ಲ. ಅದು ನಡೆದದ್ದು, ಸಾರ್ವಜನಿಕವಾಗಿ ಆಡಿದ್ದು, ಜನರಿಗೆ ನೋವಾದದ್ದು. ಮೂರು ಸಾಲಿನಲ್ಲಿ ಬರೆದೆ: ಅವರು ಆಡಿದ್ದು, ಜನ ಆಕ್ಷೇಪಿಸಿದ್ದು, ಅವರು ಕೊಟ್ಟ ಉತ್ತರ. ದೂರು ವಜಾ ಆದದ್ದನ್ನು ಅದರ ಪಕ್ಕದಲ್ಲೇ ಸೇರಿಸಿದೆ. ವೇದಿಕೆಯ ಜಗಳ ತೆಗೆದೆ, ಅದು ಒಂದು ದಿನದ ಸುದ್ದಿ. ಕಥೆಗಳ ಬಗ್ಗೆ, ವಿಮರ್ಶಕರು ಬರೆದದ್ದನ್ನು ಆಧರಿಸಿ, ನಾಲ್ಕು ಪ್ಯಾರಾ ಬರೆದೆ.

ನಮ್ಮ ಬಳಗದ ಅಣ್ಣನೊಬ್ಬರು ಬೇಸರಪಟ್ಟರು. “ಅವರ ಮಾತಿಗೆ ನೀನು ಸಕ್ಕರೆ ಹಚ್ಚಿದೆಯಲ್ಲ ತಂಗಿ” ಎಂದರು. ಅದೇ ತಿಂಗಳು ಆ ಕಥೆಗಾರರ ಅಭಿಮಾನಿಗಳಾರೋ ಬಂದು ಭಾಷಣದ ಪ್ಯಾರಾವನ್ನೇ ಪೂರ್ತಿ ಅಳಿಸಿದರು. ನಾನು ಮತ್ತೆ ಹಾಕಿದೆ. ರಾಜಕಾರಣದಲ್ಲಿ ಭಕ್ತಿ ಅಧಃಪತನದ ದಾರಿ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಸಾಹಿತ್ಯದಲ್ಲೂ ಭಕ್ತಿ ಕುರುಡೇ. ನಮ್ಮ ಕೋಪವೂ ಅಷ್ಟೇ ಕುರುಡು.

ದೀಘ ನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲದ ಆರಂಭವನ್ನು ನೆನೆಯಿರಿ. ರಾಜಗೃಹದಿಂದ ನಾಳಂದಕ್ಕೆ ಹೋಗುವ ದಾರಿಯುದ್ದಕ್ಕೂ ಸುಪ್ಪಿಯನು ಬುದ್ಧರನ್ನು ತೆಗಳುತ್ತಾನೆ, ಅವನ ಶಿಷ್ಯ ಹೊಗಳುತ್ತಾನೆ. ಭಗವಾನರು ಭಿಕ್ಷುಗಳಿಗೆ ಹೇಳುವುದಿಷ್ಟು: ತೆಗಳಿದರೆ ಸಿಟ್ಟಾಗಬೇಡಿ, ಸಿಟ್ಟಾದರೆ ಅವರು ಹೇಳಿದ್ದು ಸರಿಯೋ ತಪ್ಪೋ ತಿಳಿಯಲಾರಿರಿ. ಹೊಗಳಿದರೆ ಉಬ್ಬಬೇಡಿ. ಸುಳ್ಳಿದ್ದರೆ ಸುಳ್ಳೆಂದು ತೋರಿಸಿ, ನಿಜವಿದ್ದರೆ ನಿಜವೆಂದು ಒಪ್ಪಿ. ತನ್ನ ಬಗ್ಗೆಯೇ ಇಷ್ಟು ನಿರ್ಲಿಪ್ತವಾಗಿ ಹೇಳಿದ ಗುರುವಿನ ಶಿಷ್ಯರು ನಾವು.

ಆ ಕಥೆಗಾರರ ಮಾತು ನನಗೆ ಇಂದಿಗೂ ನೋವೇ. ಅದನ್ನು ಮರೆತೆ ಎಂದು ಹೇಳಿದರೆ ಮತ್ತೆ ನಾಲ್ಕನೆಯ ಶೀಲ ಮುರಿಯುತ್ತದೆ. ಸಭೆಯಲ್ಲಿ ಎದ್ದು ಕೇಳಬೇಕಿದ್ದ ಪ್ರಶ್ನೆಯನ್ನು ಸಭೆಯಲ್ಲೇ ಕೇಳಬೇಕಿತ್ತು. ವಿಶ್ವಕೋಶದ ಪುಟ ಅದಕ್ಕೆ ಜಾಗವಲ್ಲ.

ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಭಾಗವಿದೆ. ಯಾರು ಯಾವ ದಿನ ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ಉಳಿದಿರುತ್ತದೆ. ನಾನು ತಿದ್ದಿದ ಪುಟದ ಹಿಂದೆ, ನಾನು ಮೊದಲು ಬರೆದ ಪುಟ ತಾರೀಖಿನ ಸಮೇತ ಈಗಲೂ ಇದೆ. ಚೇತನೆಯೇ ಕಮ್ಮ ಎಂಬ ಬುದ್ಧವಚನ ನನಗೆ ಅರ್ಥವಾಗುವುದು ಆ ಪುಟ ನೋಡಿದಾಗ.

*ಇಂದಿನ ಅಭ್ಯಾಸ:* ಇವತ್ತು ಬದುಕಿರುವ ಯಾರ ಬಗ್ಗೆಯಾದರೂ ಏನನ್ನಾದರೂ ಬರೆಯುವ, ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಹೇಳಿದವರು ಯಾರು? ನಾನು ಬಿಟ್ಟದ್ದು ಏನು, ಯಾಕೆ ಬಿಟ್ಟೆ? ಆ ವ್ಯಕ್ತಿಯ ಮಗಳು ಓದಿದರೆ, ನೋವಾದರೂ ಅನ್ಯಾಯವೆನ್ನದೆ ಓದಬಲ್ಲಳೇ?

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.