ಜಾಥಾ ಹೋದ ಮೇಲೆ

ಬೀದಿ ನಾಟಕ ಈಗ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಸರ್ಕಾರಿ ಯೋಜನೆಗಳ ಪ್ರಚಾರದಲ್ಲಿ. ಬಸ್ ನಿಲ್ದಾಣದ ಬಳಿಯೋ ಪಂಚಾಯಿತಿ ಕಟ್ಟಡದ ಮುಂದೋ ಗಾಡಿ ನಿಲ್ಲುತ್ತದೆ. ತಮಟೆ ಬಡಿದು ಜನ ಸೇರಿಸುತ್ತಾರೆ. ಶೌಚಾಲಯ, ಲಸಿಕೆ, ಬಾಲ್ಯವಿವಾಹ, ಆ ಸಲದ ವಿಷಯ ಯಾವುದೋ ಅದರ ಮೇಲೆ ಅರ್ಧ ಗಂಟೆ ಆಟ. ಆಮೇಲೆ ಬ್ಯಾನರ್ ಕಾಣುವಂತೆ ಒಂದು ಫೋಟೊ, ಪ್ರದರ್ಶನ ನಡೆಯಿತೆಂಬ ಪತ್ರಕ್ಕೆ ಒಂದು ಸಹಿ, ಮುಂದಿನ ಊರು. ಈ ಕಲಾವಿದರ ಮೇಲೆ ನನಗೆ ಗೌರವವಿದೆ. ಬಿಸಿಲಲ್ಲಿ ಗಂಟಲು ಹರಿದುಕೊಂಡು ಊರೂರು ಸುತ್ತುವುದು ಸುಲಭದ ದುಡಿಮೆಯಲ್ಲ. ನನ್ನ ತಕರಾರು ಈ ಏರ್ಪಾಡಿನ ಬಗ್ಗೆ. ಬದಲಾಗಬೇಕಾದವರು ಯಾರೆಂಬುದು ಇಲ್ಲಿ ಮೊದಲೇ ತೀರ್ಮಾನವಾಗಿದೆ: ನೋಡುತ್ತ ನಿಂತವರು. ಸಂದೇಶ ಬರೆದುಕೊಟ್ಟವರು ಇದ್ದ ಹಾಗೇ ಇರಬಹುದು, ಹೊತ್ತು ತಂದವರೂ ಇದ್ದ ಹಾಗೇ ಇರಬಹುದು.

ಕಲಾವಿದರೂ ಸಂಘಟನೆಯೂ ಕೂಡಿ ದುಡಿದು, ಇಬ್ಬರಲ್ಲಿ ಒಬ್ಬರೂ ಬದಲಾಗದಿದ್ದರೆ ಅದನ್ನು ಗುತ್ತಿಗೆ ಎನ್ನಬಹುದು, ಸಹಭಾಗಿತ್ವ ಎನ್ನಲಾಗದು. ಸಮಾಜದ ಬದಲಾವಣೆಯ ಮಾತು ಅಲ್ಲಿಂದಾಚೆಗೆ.

ಬೀದಿ ನಾಟಕವೆಂಬ ಇದೇ ಪ್ರಕಾರ ನಮ್ಮಲ್ಲಿ ಹುಟ್ಟಿದ್ದು ಬೇರೆ ಒತ್ತಡದಲ್ಲಿ. 1975ರಲ್ಲಿ ಆರಂಭವಾದ ‘ಸಮುದಾಯ’ ರಂಗತಂಡ, ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ಹತ್ಯಾಕಾಂಡವನ್ನು ಸಿ.ಜಿ.ಕೆ. ನಿರ್ದೇಶನದ ‘ಬೆಲ್ಚಿ’ ನಾಟಕದ ಮೂಲಕ ಕರ್ನಾಟಕದ ಬೀದಿಗಳಿಗೆ ತಂದಿತು. ಅದನ್ನು ಆಡಿ ಎಂದು ಯಾವ ಇಲಾಖೆಯೂ ಕೇಳಿರಲಿಲ್ಲ. ದಿಲ್ಲಿಯ ಜನ ನಾಟ್ಯ ಮಂಚ್ ಕಥೆ ಇನ್ನೂ ಕುತೂಹಲದ್ದು. ತುರ್ತು ಪರಿಸ್ಥಿತಿ ಮುಗಿದಾಗ ಆ ತಂಡದ ಕೈಯಲ್ಲಿ ರಂಗಸಜ್ಜಿಕೆ ಬೇಡುವ ದೊಡ್ಡ ನಾಟಕಗಳಿದ್ದವು. ಅವುಗಳ ಖರ್ಚು ಹೊರುವ ಶಕ್ತಿ ಕಾರ್ಮಿಕ ಸಂಘಗಳಿಗೆ ಇರಲಿಲ್ಲ. ಹಾಗಾಗಿ ಪರದೆ, ದೀಪ, ವೇದಿಕೆ ಎಲ್ಲ ಬಿಟ್ಟು 1978ರಲ್ಲಿ ‘ಮಷೀನ್’ ಎಂಬ ಪುಟ್ಟ ನಾಟಕ ಕಟ್ಟಿದರು. ಕಾರ್ಖಾನೆಯೊಂದರಲ್ಲಿ ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸಲು ಜಾಗ, ಒಂದು ಕ್ಯಾಂಟೀನು. ಸಿಕ್ಕಿದ್ದು ಕಾವಲುಗಾರರ ಗುಂಡು. ಆ ಘಟನೆಯಿಂದ ಹುಟ್ಟಿದ ನಾಟಕವದು. ಸಂಘದ ಬಡತನ ಕಲೆಯ ರೂಪವನ್ನೇ ತಿದ್ದಿತು. ಕಲೆಗೆ ಅದರಿಂದ ನಷ್ಟವಾಯಿತೆಂದು ನನಗೆ ಅನಿಸುವುದಿಲ್ಲ. ಸುತ್ತ ನಿಂತ ಜನರ ನಡುವೆ ನಟರ ಮೈಯೇ ಯಂತ್ರವಾಗುವ ಆ ಕಲ್ಪನೆ ಸುಸಜ್ಜಿತ ರಂಗಮಂದಿರದಲ್ಲಿ ಯಾರಿಗಾದರೂ ಹೊಳೆಯುತ್ತಿತ್ತೋ ಇಲ್ಲವೋ. ಕಾರ್ಮಿಕರ ಜೊತೆಗಿನ ಈ ನಂಟಿಗೆ ಬೆಲೆ ತೆರಬೇಕಾಗಿಯೂ ಬಂತು. 1989ರ ಜನವರಿ 1ರಂದು ಸಾಹಿಬಾಬಾದಿನ ಝಂಡಾಪುರದಲ್ಲಿ ಇದೇ ತಂಡದ ‘ಹಲ್ಲಾ ಬೋಲ್’ ನಾಟಕ ನಡೆಯುತ್ತಿದ್ದಾಗ ದಾಳಿಯಾಯಿತು. ರಾಮ್ ಬಹಾದುರ್ ಎಂಬ ಕಾರ್ಮಿಕ ಸತ್ತ, ಮರುದಿನ ತಂಡದ ಸಫ್ದರ್ ಹಾಶ್ಮಿ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲೊಯಶ್ರೀ ಹಾಶ್ಮಿ ಮತ್ತು ಸಂಗಾತಿಗಳು ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಸತ್ತ ಇಬ್ಬರಲ್ಲಿ ಒಬ್ಬ ಕಲಾವಿದ, ಒಬ್ಬ ಕಾರ್ಮಿಕ. ಜೊತೆ ಎಂಬ ಮಾತನ್ನು ಹಗುರವಾಗಿ ಬಳಸುವಾಗಲೆಲ್ಲ ನಾವು ಈ ಇಬ್ಬರನ್ನು ನೆನೆಯಬೇಕು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಹಮದಾಬಾದಿನ ಛಾರಾನಗರ. ಛಾರಾಗಳದು 1871ರ ಕಾನೂನು ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಬುಡಕಟ್ಟುಗಳಲ್ಲಿ ಒಂದು. 1952ರಲ್ಲಿ ಪಟ್ಟಿ ರದ್ದಾಯಿತು, ಕಳಂಕ ಹೋಗಲಿಲ್ಲ. 1998ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ಖೇಡಿಯಾ ಶಬರ ಯುವಕ ಬಂಧನದಲ್ಲಿದ್ದಾಗ ಸತ್ತ. ಆತ್ಮಹತ್ಯೆ ಎಂದರು ಅಧಿಕಾರಿಗಳು. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಜೊತೆಗಿದ್ದ ಶಬರರ ಕಲ್ಯಾಣ ಸಮಿತಿ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಪರಿಹಾರಕ್ಕೂ ಸಿಬಿಐ ತನಿಖೆಗೂ ಆದೇಶವಾಯಿತು. ಅದೇ ವರ್ಷ ಮಹಾಶ್ವೇತಾ ಮತ್ತು ಭಾಷಾ ವಿದ್ವಾಂಸ ಗಣೇಶ ದೇವಿ ಛಾರಾನಗರಕ್ಕೆ ಬಂದರು. ಅವರು ಅಲ್ಲಿ ನಾಟಕ ಆಡಲಿಲ್ಲ, ಒಂದು ಗ್ರಂಥಾಲಯ ತೆರೆದರು. ಅಲ್ಲಿ ಕೂಡುತ್ತಿದ್ದ ಹುಡುಗರು ಆ ಸಾವಿನ ಕಥೆಯನ್ನು, ಕೋರ್ಟಿನ ತೀರ್ಪನ್ನು ಓದಿ ‘ಬುಧನ್’ ಎಂಬ ನಾಟಕ ಕಟ್ಟಿದರು. ಬರೆದವರು ದಕ್ಷಿಣ್ ಬಜರಂಗೆ. ಮೊದಲ ಪ್ರದರ್ಶನ ಆಗಸ್ಟ್ 31ರಂದು, ಪಟ್ಟಿ ರದ್ದಾದ ದಿನವೆಂದು ಆ ಸಮುದಾಯಗಳು ಆಚರಿಸುವ ದಿನ. ತಂಡಕ್ಕೂ ಬುಧನ್ ಹೆಸರೇ ಉಳಿಯಿತು.

ಇಲ್ಲಿ ಏನಾಯಿತು ನೋಡಿ. ಬುಧನ್ ಸತ್ತದ್ದು ಸಾವಿರ ಮೈಲಿ ಆಚೆ, ಅವನ ಭಾಷೆಯೇ ಬೇರೆ. ಆದರೂ ಪೊಲೀಸ್ ಠಾಣೆ ಎಂದರೇನೆಂದು ಮನೆಮನೆಗೂ ಗೊತ್ತಿದ್ದ ಕೇರಿಯ ಹುಡುಗ ಆ ಪಾತ್ರಕ್ಕೆ ನಿಂತಾಗ ಅಭಿನಯ ಸಾಕ್ಷ್ಯವಾಯಿತು. ಪೊಲೀಸನ ಪಾತ್ರಕ್ಕೂ ಅದೇ ಕೇರಿಯ ಹುಡುಗನೇ ನಿಲ್ಲಬೇಕು. ತನ್ನವರನ್ನು ಹೊಡೆಯುವವನ ನಡಿಗೆ, ದನಿ, ಕಣ್ಣು ಇವನ್ನು ತನ್ನ ಮೈಯಲ್ಲಿ ಹುಡುಕಬೇಕಾದವನು ಆ ಸಂಜೆ ಮನೆಗೆ ಹೋಗುವಾಗ ಬಂದಿದ್ದ ಮನುಷ್ಯನಾಗಿ ಉಳಿದಿರಲಾರ. ಭಾಷಣದಿಂದ ಇದು ಆಗುವ ಕೆಲಸವಲ್ಲ. ಆ ಕೇರಿಯಿಂದ ಮುಂದೆ ವಕೀಲರು, ಪತ್ರಕರ್ತರು, ಚಿತ್ರ ನಿರ್ದೇಶಕರು ಬಂದರು. ನೋಡಿದವರ ಮನ ಎಷ್ಟು ಕರಗಿತೆಂದು ಅಳೆಯುವುದಕ್ಕಿಂತ ಆಡಿದವರು ಏನಾದರು ಎಂದು ಕೇಳುವುದು ಸರಿಯಾದ ಪ್ರಶ್ನೆ.

ಸಂಘಟನೆಯ ಹಂಗಿಗೆ ಬಿದ್ದ ಕಲೆ ಘೋಷಣೆಯಾಗುತ್ತದೆ ಎಂಬ ಆಕ್ಷೇಪ ಹಳೆಯದು, ಅದರಲ್ಲಿ ನಿಜವೂ ಇದೆ. ಮೆರವಣಿಗೆಗೆ ಒಂದೇ ದನಿ ಬೇಕು. ಬದುಕಿನಲ್ಲಿ ಒಂದೇ ದನಿ ಇರುವುದಿಲ್ಲ. ಹಾಗೆಂದು ಕಲಾವಿದ ದೂರ ನಿಂತರೆ ಗೆಲ್ಲುವುದೇನು? ಕವಿ ಸಿದ್ದಲಿಂಗಯ್ಯನವರನ್ನು ನೆನೆಯಿರಿ. ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಅವರ ಹಾಡುಗಳು ಭಾಷಣಕ್ಕಿಂತ ಮೊದಲು ಜನರನ್ನು ತಲುಪಿದವು. ಅದೇ ಸಿದ್ದಲಿಂಗಯ್ಯ ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಕೇರಿಯ ನಗು, ತಂಟೆ, ಭಯ ಎಲ್ಲವನ್ನೂ ಬರೆದರು. ಅದರಲ್ಲಿನ ನಗು ಯಾವ ಘೋಷಣೆಗೂ ಹೊಂದುವುದಿಲ್ಲ. ಎರಡೂ ಒಂದೇ ಚಳವಳಿಯ ಒಡಲಿಂದ ಬಂದವು. ಸಂಘಟನೆ ಕಲಾವಿದನನ್ನು ಕುಗ್ಗಿಸುವುದು ಅವನಿಗೆ ವಿಷಯ ಕೊಟ್ಟಾಗಲ್ಲ. ತನ್ನ ಬಗ್ಗೆ ಅವನು ಏನು ಹೇಳಬಾರದು ಎಂಬ ಪಟ್ಟಿ ಕೊಟ್ಟಾಗ.

ಹಾಗಾಗಿ ಕಲಾ ತಂಡವನ್ನು ಕರೆಯುವ ಯಾವ ಸ್ವಯಂಸೇವಾ ಸಂಸ್ಥೆಯೇ ಆಗಲಿ, ಇಲಾಖೆಯೇ ಆಗಲಿ, ಮೊದಲು ತೀರ್ಮಾನಿಸಬೇಕಾದ್ದು ಇದು: ಊರಿನ ಹೆಂಗಸರು ನಾಟಕ ಕಟ್ಟಲು ಕೂತು, ಸಾಲದ ಕಂತು ವಸೂಲಿಗೆ ಬರುವ ನಿಮ್ಮದೇ ಸಂಘದವರ ಮೇಲೆ ಒಂದು ದೃಶ್ಯ ಮಾಡಿದರೆ, ಅದನ್ನು ಉಳಿಸಿಕೊಳ್ಳುತ್ತೀರಾ, ಕತ್ತರಿಸುತ್ತೀರಾ? ಎರಡನೆಯದು ದುಡ್ಡಿನ ಮಾತು. ಈಗ ಹಣ ಹೋಗುವುದು ಪ್ರದರ್ಶನಗಳ ಲೆಕ್ಕಕ್ಕೆ. ಅದರಲ್ಲಿ ಅರ್ಧವನ್ನಾದರೂ ಒಂದೇ ಊರಿನಲ್ಲಿ ವರ್ಷವಿಡೀ ತಾಲೀಮಿಗೆ, ಒಂದು ಕೋಣೆಗೆ, ನಾಲ್ಕು ಕಪಾಟು ಪುಸ್ತಕಕ್ಕೆ, ಉಳಿದು ಕಲಿಸುವ ಕಲಾವಿದನ ಸಂಬಳಕ್ಕೆ ಕೊಡಲಿ. ಮಾರ್ಚ್ ತಿಂಗಳಲ್ಲಿ ವರದಿ ಬರೆಯುವಾಗ ತೋರಿಸಲು ದೊಡ್ಡ ಸಂಖ್ಯೆ ಸಿಗುವುದಿಲ್ಲ, ನಿಜ. ಛಾರಾನಗರದ ಗ್ರಂಥಾಲಯದ ಮೊದಲ ತಿಂಗಳುಗಳಲ್ಲಿ ವರದಿ ಕೇಳಿದ್ದರೆ ಅಲ್ಲಿಂದಲೂ ಇಷ್ಟೇ ಬರುತ್ತಿತ್ತು: ಹುಡುಗರು ಬರುತ್ತಿದ್ದಾರೆ, ಓದುತ್ತಿದ್ದಾರೆ.