ಗಾಳಿಗೆ ಅಡ್ಡ ಬಂದ ಗೋಡೆ

ಮಾಧ್ವರ ಮನೆಯಲ್ಲಿ ಹುಟ್ಟಿದವನಿಗೆ ಗಾಳಿ ಬರೀ ಗಾಳಿಯಲ್ಲ. ಹರಿ ಸರ್ವೋತ್ತಮ, ವಾಯು ಜೀವೋತ್ತಮ. ಹನುಮ, ಭೀಮ, ಮಧ್ವ ಮೂವರೂ ವಾಯುವಿನ ಅವತಾರವೆಂದು ನಂಬಿದವರು ನಾವು. ಹಾಗಿದ್ದೂ ನಮ್ಮಜ್ಜ ಉಡುಪಿ ಕಡೆಯಿಂದ ಘಟ್ಟ ಹತ್ತಿ ಬಂದು ಚಿಕ್ಕಮಗಳೂರಿನಲ್ಲಿ ಇಟ್ಟ ಹೋಟೆಲಿನ ಅಡುಗೆಕೋಣೆಯಲ್ಲಿ ನೆಟ್ಟಗೆ ಉಸಿರಾಡಲು ಆಗುತ್ತಿರಲಿಲ್ಲ. ಇದೆಂಥ ಭಕ್ತಿ ಎಂಬ ಪ್ರಶ್ನೆ ನನಗೆ ಎದ್ದದ್ದು ಕಟ್ಟಡ ರಿಪೇರಿಗೆ ಕೈಹಾಕಿದಾಗ.

ಕಟ್ಟಡವೇನೋ ಗಟ್ಟಿ. ಸುಣ್ಣದ ಗಾರೆಯ ದಪ್ಪ ಗೋಡೆ, ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಹಂಚು ಅದು. ಸಂದಿಗಳಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತದೆ. ಕೆಡಿಸಿದ್ದು ಆಮೇಲಿನ ಸುಧಾರಣೆಗಳು. ಗೋಡೆಗೆ ಸಿಮೆಂಟು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಬಳಿದರು. ಮಳೆಗಾಲದ ತೇವ ಹೊರಬರಲು ದಾರಿಯಿಲ್ಲದೆ ಗೋಡೆಯೆಲ್ಲ ಬೂಷ್ಟು ಹಿಡಿಯಿತು. ಅದನ್ನೆಲ್ಲ ಕೆರೆದು ಮತ್ತೆ ಸುಣ್ಣ ಹಾಕಿಸಿದೆವು. ಇಲ್ಲಿಯವರೆಗೆ ಮನೆಯಲ್ಲಿ ಯಾರದ್ದೂ ತಕರಾರಿಲ್ಲ.

ಅಡುಗೆಕೋಣೆಯ ಕಥೆ ಬೇರೆ. ಮಡಿಯಲ್ಲಿದ್ದ ಅಡುಗೆ ಭಟ್ಟರನ್ನು ಯಾರೂ ಮುಟ್ಟುವಂತಿರಲಿಲ್ಲ, ಮುಸುರೆ ಕೈ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಸೌದೆಯ ಹೊಗೆಗೆ ಮಾತ್ರ ಯಾವ ಕಟ್ಟಳೆಯೂ ಇಲ್ಲ. ಅಗ್ನಿ ಪಾವಕ, ಅವನಿಂದ ಹುಟ್ಟಿದ್ದು ಮೈಲಿಗೆ ಹೇಗಾದೀತು? ಮಧ್ಯಾಹ್ನದ ಊಟ ಮುಗಿದ ಮೇಲೆ ಭಟ್ಟರು ಹಿತ್ತಿಲಿಗೆ ಹೋಗಿ, ಬಾವಿಕಟ್ಟೆ ಹಿಡಿದು ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮುತ್ತಿದ್ದರು. ಆಮೇಲೆ ಕೈಕಾಲು ತೊಳೆದು ಮತ್ತೆ ಮಡಿಯುಟ್ಟು ಒಳಗೆ. ನಮ್ಮ ಶುದ್ಧಿ ಚರ್ಮದಲ್ಲೇ ನಿಂತಿತು, ಎದೆಗೂಡಿಗೆ ಇಳಿಯಲೇ ಇಲ್ಲ. ತೈತ್ತಿರೀಯ ಉಪನಿಷತ್ತು ಅನ್ನಮಯ ಕೋಶದ ಒಳಗೆ ಪ್ರಾಣಮಯ ಕೋಶವಿದೆ ಎನ್ನುತ್ತದೆ. ಹೋಟೆಲಿನವರಾದ ನಾವು ಅನ್ನದ ಬಾಗಿಲಲ್ಲೇ ಉಳಿದೆವು.

ಈಗ ಸೌದೆ ಹೋಗಿ ಗ್ಯಾಸ್ ಬಂದಿದೆ. ಹಾಗಂತ ಗಾಳಿ ಮಡಿಯಾಗಿಲ್ಲ. ಸೂಕ್ಷ್ಮ ದೂಳು, ಅಂದರೆ ಪಿಎಂ 2.5, ದಿನದ ಸರಾಸರಿಯಲ್ಲಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಬ್ಯಾಡಗಿ ಮೆಣಸಿನ ಒಗ್ಗರಣೆ ಬಿದ್ದಾಗ ದೂಳು ಅಳೆಯುವ ನಮ್ಮ ಮೀಟರು ಎರಡನ್ನೂ ದಾಟಿ ಓಡಿತು. ಅದು ಒಂದು ಗಳಿಗೆಯ ಲೆಕ್ಕ, ನಿಜ. ಆದರೆ ಭಟ್ಟರಿಗೆ ಆ ಗಳಿಗೆ ದಿನವಿಡೀ ಬರುತ್ತದೆ.

ಒಲೆಯ ಮೇಲೆ ಹುಡ್ ಕೂರಿಸಿ ಹೊಗೆ ಎಳೆದರೆ ಸಾಲದು, ಅಷ್ಟೇ ಹೊಸ ಗಾಳಿ ಒಳಗೆ ಬರಬೇಕು ಎಂದರು ಎಂಜಿನಿಯರು. ಅದಕ್ಕೆ ಊಟದ ಹಾಲಿನ ನಡುಗೋಡೆ ಅಡ್ಡ. ಭಾರ ಹೊರದ ಗೋಡೆ, ಯಾಕೆ ಕಟ್ಟಿದ್ದು? ದೊಡ್ಡಪ್ಪ ಹೇಳಿದರು: ‘ಆಚೆ ಬ್ರಾಹ್ಮಣರ ಪಂಕ್ತಿ ಮಾರಾಯ, ಈಚೆ ಉಳಿದವರದ್ದು.’ ಆ ಕಾಲದ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಹಾಗೇ ಇತ್ತು. ಕೆಡವೋಣ ಎಂದೆ. ‘ಸುಣ್ಣ ಬೇಕು, ಹಂಚು ಬೇಕು, ಹಿಂದಿನವರದ್ದು ಎಂದು ಉಳಿಸಿದೆ. ಗೋಡೆ ಹಿಂದಿನವರದ್ದಲ್ಲವೋ? ತಾರತಮ್ಯ ನಮ್ಮ ಸಿದ್ಧಾಂತವೇ ಅಲ್ಲವೋ?’ ಎಂದರು.

ಉತ್ತರ ಸುಲಭವಿರಲಿಲ್ಲ. ಜೀವರಲ್ಲಿ ತಾರತಮ್ಯ ಉಂಟೆಂದು ಆಚಾರ್ಯರು ಹೇಳಿದ್ದು ಹೌದು, ಅದನ್ನು ಮರೆಮಾಚಿ ವಾದ ಮಾಡುವುದು ನನಗೆ ಸೇರದು. ಆದರೆ ಅದು ಜೀವದ ಯೋಗ್ಯತೆಯ ಮಾತು. ಊಟಕ್ಕೆ ಬಂದವನ ಜಾತಿ ಕೇಳಿ ಅಳೆಯುವಂಥದ್ದಲ್ಲ. ಅದೇ ಸಂಪ್ರದಾಯವೇ ಹೇಳುತ್ತದೆ, ಪ್ರತಿ ಜೀವದೊಳಗೂ ನಿಂತು ಉಸಿರಿಗೊಂದರಂತೆ ದಿನಕ್ಕೆ 21,600 ಸಲ ಹಂಸಮಂತ್ರ ಜಪಿಸುವವನು ವಾಯು ಎಂದು. ಆಚೆ ಕೂತವನಿಗೂ 21,600, ಈಚೆ ಕೂತವನಿಗೂ 21,600, ಮುಸುರೆ ತಿಕ್ಕುವ ಹುಡುಗನಿಗೂ ಅಷ್ಟೇ.

‘ಲೆಕ್ಕ ಸರಿ, ಅರ್ಥ ನೀನು ಮಾಡಿಕೊಂಡದ್ದು,’ ಎಂದರು ದೊಡ್ಡಪ್ಪ. ಇವತ್ತಿಗೂ ಒಪ್ಪಿಲ್ಲ. ಕೆಡವುವ ದಿನ ಮಾತ್ರ ಕುರ್ಚಿ ಹಾಕಿಸಿಕೊಂಡು ಕೂತು, ಒಳ್ಳೆಯ ಇಟ್ಟಿಗೆಗಳನ್ನು ಬೇರೆ ಇರಿಸಿದರು. ಹಿತ್ತಿಲಲ್ಲಿ ಪಾತ್ರೆ ತೊಳೆಯುವಲ್ಲಿಗೆ ಅದರಲ್ಲೇ ಕಟ್ಟೆ ಕಟ್ಟಿಸು, ಅಲ್ಲಿಗೂ ಒಂದು ಫ್ಯಾನು ಹಾಕಿಸು ಎಂದು ಹೇಳಿದವರೂ ಅವರೇ.